ನಿನ್ನ ಪದ್ಯ ತೀರಾ ಸರಳವಂತೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ನಿನ್ನ ಪದ್ಯ ಓದಿದ ಯಾರೋ "ತೀರಾ ಸರಳ, ಎಲ್ಲರಿಗೂ ಅರ್ಥವಾಗಿಬಿಡುತ್ತೆ" ಅಂದರಂತೆ. ಅರ್ಥವಾಗೋದೂ ಒಂದು ತಪ್ಪಾ? ಆಗ ನನಗೆ ಬಾಯ್ ಜುಯಿ ನೆನಪಾದ.

ಚೀನಾದ ತಾಂಗ್ ಅರಸರ ಕಾಲದ ಕವಿ, ಹುಟ್ಟಿದ್ದು 772ರಲ್ಲಿ. ಪದ್ಯ ಬರೆದರೆ ಒಬ್ಬ ಅಜ್ಜಿಗೆ ಓದಿ ಹೇಳುತ್ತಿದ್ದನಂತೆ, ಅವಳಿಗೆ ತಿಳಿಯದಿದ್ದರೆ ತಿದ್ದುತ್ತಿದ್ದನಂತೆ. ಅವನು ಸತ್ತು ಎಷ್ಟೋ ಕಾಲದ ಮೇಲೆ ಹುಟ್ಟಿದ ಕತೆ ಇದು, ನಂಬಲೇಬೇಕೆಂದಿಲ್ಲ. ಆದರೆ ಇದ್ದಿಲು ಮಾರುವ ಮುದುಕನ ಮೇಲೆ ಅವನು ಬರೆದ ಪದ್ಯ ಓದಿದರೆ ಈ ಕತೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ. ಮುದುಕನ ಮೈಮೇಲೆ ತೆಳು ಬಟ್ಟೆ. ಆದರೂ ಇದ್ದಿಲಿನ ಬೆಲೆ ಬಿದ್ದೀತೆಂದು, ಚಳಿ ಇನ್ನೂ ಜಾಸ್ತಿಯಾಗಲಿ ಅಂತ ಬಯಸುತ್ತಾನೆ. ಅರಮನೆಯ ಆಳುಗಳು ಬಂದು ಗಾಡಿಯನ್ನೇ ಹೊಡೆದುಕೊಂಡು ಹೋಗುತ್ತಾರೆ. ಬೆಲೆ ಅಂತ ಎತ್ತಿನ ತಲೆಗೆ ಒಂದಿಷ್ಟು ರೇಷ್ಮೆ ಸುತ್ತುತ್ತಾರೆ. ಪದ್ಯ ಅಲ್ಲಿಗೇ ಮುಗಿಯುತ್ತದೆ.

ಹೀಗೆ ಬರೆದವನಿಗೆ ಹಗೆಗಳು ಕಮ್ಮಿಯೇ? 815ರಲ್ಲಿ ಮಂತ್ರಿಯೊಬ್ಬನ ಕೊಲೆಯಾದಾಗ, ಕೊಂದವರನ್ನು ಹಿಡಿಯಿರಿ ಎಂದು ಎಲ್ಲರಿಗಿಂತ ಮೊದಲು ಅರಸನಿಗೆ ಬರೆದ. ನಿನಗ್ಯಾಕೆ ಈ ಉಸಾಬರಿ ಅಂದರು. ಇನ್ನೊಂದು ಕೆಟ್ಟ ದೂರೂ ಸೇರಿತು. ಇವನ ತಾಯಿ ಹೂ ನೋಡುತ್ತಾ ಬಾವಿಗೆ ಬಿದ್ದು ಸತ್ತಳು, ಇವನು ಹೂವಿನ ಮೇಲೂ ಬಾವಿಯ ಮೇಲೂ ಪದ್ಯ ಕಟ್ಟಿದ್ದಾನೆ ಅಂತ! ದೂರದ ಜಿಯಾಂಗ್‌ಜೌಗೆ ಅಟ್ಟಿದರು.

ಅಲ್ಲಿಂದ ಆ ಚಳಿಗಾಲ ಗೆಳೆಯ ಯುವಾನ್ ಜೆನ್‌ಗೆ ಒಂದು ಉದ್ದನೆಯ ಪತ್ರ ಬರೆದ. ಕಾವ್ಯದ ಬಗ್ಗೆ ಅವನ ಮುಖ್ಯ ವಿಚಾರಗಳೆಲ್ಲ ಆ ಪತ್ರದಲ್ಲಿವೆ. ಪದ್ಯ ಒಂದು ಗಿಡ ಅನ್ನುತ್ತಾನೆ. ಭಾವ ಅದರ ಬೇರು, ಮಾತು ಮೊಳಕೆ, ದನಿ ಹೂವು, ಅರ್ಥ ಹಣ್ಣು. ಬರಹ ತನ್ನ ಕಾಲಕ್ಕಾಗಿ, ಹಾಡು ನಡೆದ ಸಂಗತಿಗಾಗಿ ಇರಬೇಕು ಅನ್ನುತ್ತಾನೆ. ಸರಳ ಅಂದರೆ ಸಲೀಸು ಅಂದುಕೊಳ್ಳಬೇಡ. ಓದಿ ಓದಿ ಬಾಯಲ್ಲಿ ಹುಣ್ಣು, ಬರೆದು ಬರೆದು ಮೊಣಕೈ ಜಡ್ಡುಗಟ್ಟಿತ್ತು ಅಂತ ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ನನಗೆ ನಗು ಬಂದದ್ದು ಆ ಪತ್ರದ ಇನ್ನೊಂದು ಕಡೆ. ಒಬ್ಬ ಹಾಡುಗಾತಿ, "ನನಗೆ ಬಾಯ್ ಜುಯಿಯ ಪ್ರೇಮದ ಹಾಡು ಪೂರ್ತಿ ಬಾಯಿಪಾಠ, ನಾನು ಉಳಿದವರ ಹಾಗಾ?" ಎಂದು ತನ್ನ ದರ ಏರಿಸಿದಳಂತೆ. 806ರಲ್ಲಿ ಅರಸನೊಬ್ಬನ ವಿರಹದ ಮೇಲೆ ಬರೆದ ಹಾಡು ಅದು. ಜನ ಮೆಚ್ಚುವ ಇಂಥವು ನನಗೆ ಹಗುರ ಅನ್ನುತ್ತಾನೆ. ಇದ್ದಿಲಿನ ಮುದುಕನಂಥ, ಆಳುವವರನ್ನು ಚುಚ್ಚುವ ಪದ್ಯಗಳೇ ಅವನಿಗೆ ದೊಡ್ಡವು.

ಇಲ್ಲಿ ನನಗೂ ಅವನಿಗೂ ಸ್ವಲ್ಪ ಜಗಳ ಇದೆ. ನಲವತ್ತರ ಹತ್ತಿರ ಅವನಿಗೊಬ್ಬ ಮಗಳು ಹುಟ್ಟಿದಳು, ಜಿನ್‌ಲುವಾನ್. ವರ್ಷ ತುಂಬಿದ ದಿನ ಒಂದು ಪದ್ಯ ಬರೆದ. ಕೂರಲು ಕಲಿಯುತ್ತಿದ್ದಾಳೆ, ಮಾತು ಬಂದಿಲ್ಲ. ಇವಳ ಮದುವೆ ಮಾಡಬೇಕು, ನಾನು ಕೆಲಸ ಬಿಟ್ಟು ಬೆಟ್ಟ ಸೇರುವುದು ಹದಿನೈದು ವರ್ಷ ತಡ ಅಂತ ಗೊಣಗಿದ. ಎಲ್ಲ ಅಪ್ಪಂದಿರ ಗೊಣಗಾಟ, ಅಲ್ವಾ? ಮೂರನೇ ವಯಸ್ಸಿಗೆ ಮಗು ಹೋಯಿತು. ಹಳೇ ಬಟ್ಟೆ ಇನ್ನೂ ಗೂಟದಲ್ಲಿದೆ, ಉಳಿದ ಔಷಧಿ ತಲೆಯ ಹತ್ತಿರವೇ ಇದೆ ಎಂದು ಬರೆದ. ವರ್ಷಗಳ ಮೇಲೆ ಅವಳಿಗೆ ಹಾಲೂಡಿಸಿದ ದಾದಿ ಎದುರಾದಾಗ ಮತ್ತೆ ಎದೆ ಒಡೆಯಿತು, ಮತ್ತೊಂದು ಪದ್ಯ. ಇವನ್ನು ಅವನು ತನ್ನ ದೊಡ್ಡ ಪದ್ಯಗಳ ಸಾಲಿಗೆ ಸೇರಿಸಲಿಲ್ಲ. ಬೇರು ಅಂದನಲ್ಲ, ಅದು ನನಗೆ ಕಾಣುವುದು ಮಾತ್ರ ಈ ಸಾಲುಗಳಲ್ಲೇ.

ನಿನ್ನ ಹಳೇ ರೇನ್‌ಕೋಟ್ ಬಾಗಿಲ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು. ಆ ಸಾಲು ಓದಿದ ದಿನ ಸುಮ್ನೆ ತೆಗೆದು ಬೀರುವಿನಲ್ಲಿ ಇಟ್ಟುಬಿಟ್ಟೆ. ನಗಬೇಡ.

ಚಳಿಗಾಳಿ, ನಿದ್ದೆ ಇಲ್ಲ, ದೀಪದ ಮುಂದೆ ಕೂತು ತೋಚಿದ ಹಾಗೆ ಬರೆದಿದ್ದೇನೆ, ಹಿಂದುಮುಂದಿಲ್ಲ ಅಂತ ಬಾಯ್ ಜುಯಿ ಗೆಳೆಯನಿಗೆ ಬರೆದ ಆ ಪತ್ರದ ಕೊನೆಯಲ್ಲಿ ಹೇಳುತ್ತಾನೆ. ನನ್ನದೂ ಹಾಗೇ ಆಯಿತು. ಆ ಪದ್ಯ ತಿದ್ದದೆ ಹಾಗೇ ಕಳಿಸು. ನಿನ್ನ ಅಜ್ಜಿ ಕೇಳಬೇಕಂತೆ. ಅವಳಿಗೆ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ.

ಇಂತಿ,
ಅಪ್ಪ