ಅತ್ತಿಗೆಯ ತಂಬಿಗೆ

ಆ ಭಾನುವಾರದ ರಾತ್ರಿಗೆ ಇಂದು ಒಂದು ವರ್ಷ. ನನ್ನ ಕಿಡ್ನಿಗಳು ಸೋತಿವೆ, ರಕ್ತವನ್ನು ಶುದ್ಧಮಾಡಿ ಹೆಚ್ಚಿನ ನೀರು ತೆಗೆಯುವ ಡಯಾಲಿಸಿಸ್ ಯಂತ್ರವೇ ಆಸರೆ; ಆ ಕಥೆಯನ್ನು ಇಲ್ಲಿ ಪೂರ್ತಿ ಬಿಚ್ಚುವುದಿಲ್ಲ. ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳು, ಡಯಾಲಿಸಿಸ್ ಘಟಕದ ಸಿಬ್ಬಂದಿ, ನಡುರಾತ್ರಿ ಕಾರು ತೆಗೆದ ಎದುರು ಮನೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ. ಉಳಿದದ್ದು ಅತ್ತಿಗೆಗೆ.

ನನ್ನ ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಶುಕ್ರವಾರದಿಂದ ಸೋಮವಾರದವರೆಗಿನ ಬಿಡುವೇ ಅಪಾಯದ್ದು ಎಂದು ವೈದ್ಯರು ಎಚ್ಚರಿಸಿದ್ದರು. ಆದರೂ ಶನಿವಾರ ನಾಮಕರಣದ ಊಟದಲ್ಲಿ ಉಪ್ಪಿನಕಾಯಿ, ತಿಳಿಸಾರು, ಮೇಲೆ ಎರಡು ಎಳನೀರು. ತಿಪಟೂರಿನವರಿಗೆ ಎಳನೀರು ಬೇಡ ಎನ್ನುವುದು ಬಾಯಿಗೆ ಬರುವ ಮಾತಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಎಂದು ತಿಳಿದೂ ಕುಡಿದೆ. ತಪ್ಪು ಪೂರ್ತಿ ನನ್ನದು.

ಭಾನುವಾರ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಗ್ಯಾಸ್ ಎಂದೆ. ಅತ್ತಿಗೆ ಕಾಲು ಮುಟ್ಟಿ ನೋಡಿದರು, ಬೆರಳು ಒತ್ತಿದ ಕಡೆ ಗುಳಿ ಹಾಗೆಯೇ ನಿಂತಿತು. "ನಿನ್ನೆಯಿಂದ ಮೂರು ದಿಂಬು ಇಟ್ಟುಕೊಂಡಿದ್ದೀಯ. ಇದು ಗ್ಯಾಸ್ ಅಲ್ಲ, ಏಳು" ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ತಮ್ಮ ಭುಜ ಕೊಟ್ಟು, ಒರಗಲು ಬಿಡದೆ ಕೂರಿಸಿಕೊಂಡಿದ್ದರು. ನೆಲದ ಮೇಲೆ ಕೂತೇ ಮುಳುಗುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು. ಸಾಯುತ್ತೇನೆ ಅನ್ನಿಸಿತ್ತು. ಮಗಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಬೆಳಗಿನ ಜಾವ ಯಂತ್ರ ನೀರು ಎಳೆದು ಉಸಿರು ಸಡಿಲವಾದ ಮೇಲಷ್ಟೇ ಅತ್ತಿಗೆಯ ಕೈ ಕಂಡದ್ದು. ನನ್ನ ಹಿಡಿತಕ್ಕೆ ಎರಡು ಬಳೆ ಒಡೆದು ಮಣಿಕಟ್ಟು ಗೀರಿತ್ತು. ಅವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಅದರ ಎಡಗೋಡೆ ದಪ್ಪಗಾಗಿತ್ತು. ವರ್ಷಗಟ್ಟಲೆಯ ರಕ್ತದೊತ್ತಡ, ರಕ್ತಹೀನತೆ, ಹೊರಹೋಗದ ನೀರು, ಎಲ್ಲದರ ಭಾರವನ್ನೂ ಅದೇ ಹೊತ್ತಿತ್ತು. ಕಿಡ್ನಿ ಸೋತಾಗ ರಂಜಕ (ಫಾಸ್ಫರಸ್) ರಕ್ತದಲ್ಲೇ ಉಳಿದು, ರಕ್ತನಾಳದ ಗೋಡೆಗೆ ಸುಣ್ಣ ಕಟ್ಟುತ್ತದಂತೆ. ಡಯಾಲಿಸಿಸ್‌ನಲ್ಲಿರುವವರ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಹೃದಯವೇ ಎಂದು ವೈದ್ಯರು ಹೇಳಿದಾಗ ನಾನು ನೆಲ ನೋಡುತ್ತಿದ್ದೆ, ಅತ್ತಿಗೆ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದರು. ನಾನು ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆಯ ಅಂಕಿ, ಕ್ರಿಯಾಟಿನಿನ್ ಒಂದನ್ನೇ ಎಣಿಸುತ್ತ ಕೂತಿದ್ದ ಮನುಷ್ಯ.

ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ತೂಕದ ಲೆಕ್ಕವೂ ಇದೆ. ಒಂದು ದಿನದಲ್ಲಿ 1 ಕಿಲೋ ಏರಿದರೆ ಹತ್ತಿರ ಹತ್ತಿರ 1 ಲೀಟರ್ ನೀರು ಒಳಗೇ ನಿಂತಿದೆ ಎಂದರ್ಥ. ದಿನಕ್ಕೆ ಕುಡಿಯಲು ವೈದ್ಯರು ನನಗೆ ಗೊತ್ತುಮಾಡಿದ ಅಳತೆಯೂ, ಕಾಫಿಯೂ ಸೇರಿ, 1 ಲೀಟರೇ. ಬೆಳಿಗ್ಗೆ ಅತ್ತಿಗೆ ಅಷ್ಟನ್ನು ತಂಬಿಗೆಯಲ್ಲಿ ತುಂಬಿಡುತ್ತಾರೆ. ನಾನು ಕಾಫಿ ಕೇಳಿದರೆ ಮರುಮಾತಿಲ್ಲದೆ ಕೊಟ್ಟು, ತಂಬಿಗೆಯಿಂದ ಒಂದು ಲೋಟ ನೀರು ತೆಗೆದು ತುಳಸಿಗೆ ಹಾಕುತ್ತಾರೆ.

ತುಳಸಿ ಈ ವರ್ಷ ಸೊಂಟದೆತ್ತರ ಬೆಳೆದಿದೆ.