ನೀವು ಕತ್ತರಿಸಿದ ಆ ರಿಬ್ಬನ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರ. ಕಲಬುರಗಿ ಜಿಲ್ಲೆಯಲ್ಲಿ ಹನ್ನೊಂದು ಎಕರೆ ತೊಗರಿ ಬಿತ್ತುವವನು. ನಿಮ್ಮ ಮನೆ ಮುಂದೆ ಮೂರು ಸಲ ಬಂದು ನಿಂತಿದ್ದೇನೆ, ಎರಡು ಅರ್ಜಿ ಕೊಟ್ಟಿದ್ದೇನೆ. ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಚಿನ್ನ, ಧಾನ್ಯದ ರೇಟಿನ ಮೇಲೆ ವ್ಯಾಪಾರ ಕಲಿಸುತ್ತೇವೆ ಅನ್ನುವ, ಬಸ್ ಸ್ಟ್ಯಾಂಡ್ ಎದುರಿನ ಕಮಾಡಿಟಿ ಟ್ರೇಡಿಂಗ್ ಕ್ಲಾಸಿನ ಬ್ಯಾನರ್‌ನಿಂದ ನಿಮ್ಮ ಫೋಟೋ ತೆಗೆಸಿ.

ಯಾವ ಬ್ಯಾನರ್ ಅಂತ ನೆನಪಾಗದಿದ್ದರೆ ಹೇಳುತ್ತೇನೆ. ಎಡಕ್ಕೆ ಚಿನ್ನದ ಬಿಸ್ಕತ್ತು, ಬಲಕ್ಕೆ ತೊಗರಿ ರಾಶಿ, ನಡುವೆ ಕತ್ತರಿ ಹಿಡಿದು ನಗುತ್ತಿರುವ ತಾವು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸರ್ಕಾರಿ ಮಾನ್ಯತೆ ಪಡೆದ ಕೋರ್ಸ್’. ಬಿಸಿಲಿಗೆ ಚಿನ್ನ ಬಣ್ಣ ಬಿಟ್ಟಿದೆ, ಗಾಳಿಗೆ ತೊಗರಿ ಅರ್ಧ ಹರಿದಿದೆ. ತಮ್ಮ ಮುಖ ಮಾತ್ರ ಗಟ್ಟಿಯಾಗಿದೆ.

ನಾನು ದುರಾಸೆಯಿಂದ ಅಲ್ಲಿಗೆ ಹೋದವನಲ್ಲ. (ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ.) ನೆಟೆ ರೋಗ ಬಿದ್ದ ವರ್ಷ ಬೆಳೆ ಹೋಯಿತು, ಬೆಳೆ ಬಂದ ವರ್ಷ ರೇಟು ಹೋಯಿತು. ಹಿಂದಿನ ವರ್ಷ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದ ತೊಗರಿ, 2025ರ ಶುರುವಿನಲ್ಲಿ ನನ್ನ ಚೀಲ ಎಪಿಎಂಸಿಗೆ ಹೋಗುವ ಹೊತ್ತಿಗೆ 7,550ರ ಬೆಂಬಲ ಬೆಲೆಗಿಂತ ಕೆಳಗೆ ಕೂತಿತ್ತು. ಸರ್ಕಾರ ಮೇಲೆ 450 ಕೊಡುತ್ತೇನೆ ಅಂದಿದ್ದು ನಿಜ. ಆದರೆ ಅಡತಿ ಅಂಗಡಿಯ ಸಾಲ ಖರೀದಿ ಕೇಂದ್ರದ ಪಾಳಿ ಬರುವತನಕ ಕಾಯುವುದಿಲ್ಲ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆಗ ಯಾರೋ ಹೇಳಿದರು: ಫ್ಯೂಚರ್ಸ್ ಅಂತ ಒಂದಿದೆ, ಬಿತ್ತುವಾಗಲೇ ರಾಶಿ ಕಾಲದ ರೇಟು ಕಟ್ಟಿಕೊಳ್ಳಬಹುದು. ಮಾತು ಸುಳ್ಳಲ್ಲ. ಕಲಿಯಬೇಕು ಅನ್ನಿಸಿತು. ಯಾರ ಹತ್ತಿರ ಕಲಿಯುವುದು ಅಂತ ವಿಚಾರ ಮಾಡುತ್ತಿದ್ದಾಗ ನಿಮ್ಮ ಫೋಟೋ ಕಂಡಿತು. ಶಾಸಕರೇ ಬಂದು ರಿಬ್ಬನ್ ಕತ್ತರಿಸಿದ್ದಾರೆ, ಇನ್ನೇನು ಪರೀಕ್ಷೆ ಮಾಡುವುದು ಅಂದುಕೊಂಡೆ. ಫೀಸು 45,000 ರೂಪಾಯಿ.

ಮೂರನೇ ದಿನ ನಾನು ಎದ್ದು ನಿಂತು ಕೇಳಿದೆ, ‘ಸರ, ತೊಗರಿ ಒಂದು ಲಾಟ್ ಅಂದ್ರ ಎಷ್ಟು ಕ್ವಿಂಟಲ್?’ ಟೈ ಹಾಕಿದ ಹುಡುಗ ಒಂದು ಕ್ಷಣ ತಡೆದು, ‘ಅದು ಅಡ್ವಾನ್ಸ್ ಬ್ಯಾಚಿನಾಗ ಬರ್ತದ್ರೀ’ ಅಂದ. ಅಡ್ವಾನ್ಸ್ ಬ್ಯಾಚಿಗೆ ಮತ್ತೆ ಮೂವತ್ತು ಸಾವಿರ.

ಸಾಹೇಬ್ರೇ, ತೊಗರಿ ಫ್ಯೂಚರ್ಸ್ ಕೇಂದ್ರ ಸರ್ಕಾರ 2007ರ ಜನವರಿಯಲ್ಲೇ ನಿಲ್ಲಿಸಿದೆ. ಉದ್ದಿನದೂ ಅವತ್ತೇ ನಿಂತಿತು. ಕಡಲೆಯನ್ನು 2021ರಲ್ಲಿ ನಿಲ್ಲಿಸಿದರು. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ, ಇದು ಈ ನೆಲದ್ದೇ ಬೆಳೆ ಅಂತ ಜಿಐ ಪಟ್ಟ ಸಿಕ್ಕ ತೊಗರಿಯ ರಾಶಿಯನ್ನೇ ಬ್ಯಾನರ್ ಮೇಲೆ ಹಾಕಿ, ಇಲ್ಲದ ವ್ಯಾಪಾರವನ್ನು ಕಲಿಸುತ್ತೇವೆ ಅಂತ ರೊಕ್ಕ ಎತ್ತಿದ್ದಾರೆ. ಅದರ ಪಕ್ಕದಲ್ಲಿ ನೀವು ನಿಂತಿದ್ದೀರಿ. ತೊಗರಿ ಮಂಡಳಿ, ಬೆಂಬಲ ಬೆಲೆ ಅಂತ ಸದನದಲ್ಲಿ ಮಾತಾಡುವವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಬೇಕೆ?

ತೊಗರಿ ಸಿಗಲಿಲ್ಲ, ಅದರ ಬದಲು ನ್ಯಾಚುರಲ್ ಗ್ಯಾಸಿನ ಫ್ಯೂಚರ್ಸ್ ಸಿಕ್ಕಿತು. ಎಂಸಿಎಕ್ಸ್ ಅನ್ನುವ ಕಮಾಡಿಟಿ ಎಕ್ಸ್‌ಚೇಂಜ್ ರಾತ್ರಿ ಹನ್ನೊಂದೂವರೆವರೆಗೆ ನಡೆಯುತ್ತದೆ, ಹಗಲು ಹೊಲ, ರಾತ್ರಿ ದುಡಿಮೆ ಅಂದರು. ಅವರದೇ ಒಂದು ಲಿಂಕ್, ಅವರದೇ ಒಂದು ಆ್ಯಪ್. ಮೊದಲ ವಾರ ಹಸಿರು ಅಂಕಿ, ಹನ್ನೆರಡು ಸಾವಿರ ಲಾಭ. ನಾನು ದನದ ಕೊಟ್ಟಿಗೆಯ ಬಲ್ಬಿನ ಕೆಳಗೆ ಫೋನ್ ಹಿಡಿದು ಕೂತಿದ್ದರೆ ಹೆಂಡತಿ ಬಾಗಿಲಲ್ಲಿ ನಿಂತು, ‘ಹೊಲದಾಗ ಬಿತ್ತೂದು ಬಿಟ್ಟು ಫೋನಿನಾಗ ಬಿತ್ಲಾಕತ್ತೀರೇನು?’ ಅಂದಳು. ಬೈದು ಕಳಿಸಿದೆ. ಎರಡನೇ ತಿಂಗಳಿಗೆ 2,30,000 ರೂಪಾಯಿ ಹೋಗಿತ್ತು. ಹೊಲಕ್ಕೆ ಪೈಪ್‌ಲೈನ್ ಹಾಕಿಸಲು ಇಟ್ಟಿದ್ದ ರೊಕ್ಕ ಅದು. ಪೈಪುಗಳ ಅಡ್ವಾನ್ಸ್ ಚೀಟಿ ಈಗಲೂ ದೇವರ ಫೋಟೋದ ಹಿಂದಿದೆ.

ಬೆಂಗಳೂರಲ್ಲಿರುವ ನನ್ನ ತಂಗಿಯ ಮಗ ಹಬ್ಬಕ್ಕೆ ಬಂದಾಗ ಒಂದೇ ಪ್ರಶ್ನೆ ಕೇಳಿದ: ‘ಮಾಮಾ, ಕಾಂಟ್ರ್ಯಾಕ್ಟ್ ನೋಟ್ ಎಲ್ಲದ?’ ಹಾಗಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ನಿಜವಾದ ಬ್ರೋಕರ್ ಆದರೆ ವ್ಯವಹಾರ ಆದ 24 ಗಂಟೆಯೊಳಗೆ, ಏನು ಕೊಂಡೆ, ಏನು ಮಾರಿದೆ, ಎಷ್ಟಕ್ಕೆ ಅಂತ ಬರೆದ ಕಾಂಟ್ರ್ಯಾಕ್ಟ್ ನೋಟ್ ಕಳಿಸಲೇಬೇಕಂತೆ. ನನಗೆ ಎರಡು ತಿಂಗಳಲ್ಲಿ ಒಂದೂ ಬಂದಿಲ್ಲ. ನನ್ನ ಆರ್ಡರ್ ಯಾವ ಎಕ್ಸ್‌ಚೇಂಜಿಗೂ ಹೋಗಿಯೇ ಇಲ್ಲ. ಇದಕ್ಕೆ ಡಬ್ಬಾ ಟ್ರೇಡಿಂಗ್ ಅನ್ನುತ್ತಾರೆ, ಶೇರು, ಫ್ಯೂಚರ್ಸ್ ವ್ಯವಹಾರದ 1956ರ ಕಾಯ್ದೆ ಪ್ರಕಾರ ಅಪರಾಧ. ನಾನು ಕಳಕೊಂಡದ್ದು ಸೀದಾ ಅವರ ಡಬ್ಬಿಗೇ ಬಿದ್ದಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಅದರ ಕಥೆ ಬೇರೆ ಇದೆ, ಇಲ್ಲಿ ಬೇಡ.

ಕ್ಲಾಸಿನ ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನೂ ತಂಗಿಯ ಮಗನೇ ಓದಿ ಹೇಳಿದ. ಒಂದು ಉದ್ಯಮ್ ನೋಂದಣಿ, ಅಂದರೆ ಹಿಟ್ಟಿನ ಗಿರಣಿಗೂ ಸಿಗುವಂಥದ್ದು. ಇನ್ನೊಂದು ಐಎಸ್‌ಒ. ಮತ್ತೊಂದರಲ್ಲಿ ಐಎನ್‌ಝಡ್ ಅಂತ ಶುರುವಾಗುವ ಸೆಬಿ ನಂಬರ್ (ಸೆಬಿ ಅಂದರೆ ಶೇರು, ಕಮಾಡಿಟಿ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ). ಅದು ಬ್ರೋಕರಿಗೆ ಕೊಡುವ ನಂಬರ್, ಅದೂ ಬೇರೆ ಯಾರದ್ದೋ. ಸಲಹೆ ಕೊಡುವವರದು ಐಎನ್‌ಎ, ರಿಸರ್ಚ್ ಮಾಡುವವರದು ಐಎನ್‌ಎಚ್. ಬರೀ ಪಾಠ ಹೇಳುವವರಿಗೆ ಸೆಬಿ ನೋಂದಣಿ ಅನ್ನುವುದೇ ಇಲ್ಲವಂತೆ! ಹಾಗಾದರೆ ‘ಮಾನ್ಯತೆ ಪಡೆದ’ ಅನ್ನುವ ಮಾತು ಬಂದದ್ದು ಎಲ್ಲಿಂದ? ನಿಮ್ಮ ಕತ್ತರಿಯಿಂದ. ಅದಕ್ಕೇ ಹೇಳುತ್ತಿರುವುದು, ಫೋಟೋ ತೆಗೆಸಿ.

ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಪಾಠದ ಹೆಸರಲ್ಲಿ ಕಳೆದ ಮೂರು ತಿಂಗಳ ಬೆಲೆ ಹಿಡಿದು ಮಾತಾಡಿದರೆ ಅದು ಬರೀ ಪಾಠ ಅಲ್ಲ ಅಂತ ಸೆಬಿ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ನಮ್ಮ ಕ್ಲಾಸಿನಲ್ಲಿ ಗೋಡೆ ತುಂಬ ಲೈವ್ ಸ್ಕ್ರೀನ್ ಇತ್ತು. ಶೇರಿನ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಎಫ್ ಆ್ಯಂಡ್ ಓ) ವ್ಯಾಪಾರದಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 93 ಜನ ರೊಕ್ಕ ಕಳಕೊಂಡಿದ್ದಾರೆ ಅಂತ ಅದೇ ಸೆಬಿ 2024ರಲ್ಲಿ ಲೆಕ್ಕ ಕೊಟ್ಟಿದೆ. ಕ್ಲಾಸಿನಲ್ಲಿ ಒಬ್ಬರೂ ಈ ಅಂಕಿ ಬಾಯಿಬಿಡಲಿಲ್ಲ. 2020ರ ಏಪ್ರಿಲ್ 20ರ ಕ್ರೂಡ್ (ಕಚ್ಚಾ ಎಣ್ಣೆ) ಕಥೆಯನ್ನೂ ಹೇಳಲಿಲ್ಲ. ಅವತ್ತಿನ ಕಾಂಟ್ರ್ಯಾಕ್ಟ್ ಎಂಸಿಎಕ್ಸ್‌ನಲ್ಲಿ ಬ್ಯಾರೆಲ್ಲಿಗೆ ಮೈನಸ್ 2,884 ರೂಪಾಯಿಗೆ ಚುಕ್ತಾ ಆಯಿತಂತೆ. ಲಾಟಿಗೆ ನೂರು ಬ್ಯಾರೆಲ್. ಕೊಂಡವನು ಕೊಟ್ಟ ರೊಕ್ಕವೂ ಹೋಗಿ, ಮೇಲೆ 2,88,400 ಕಟ್ಟಬೇಕು. ಅದೇ ತಂಗಿಯ ಮಗ ಹೇಳಿದ್ದು: ‘ಯಾವ ಮಾಸ್ತರು ಮೊದಲನೇ ದಿನ ಈ ಕಥಿ ಹೇಳ್ತಾನ, ಅವನ ಹತ್ರ ಕೂಡ್ರಿ. ಯಾವ ಮಾಸ್ತರು ತನ್ನ ಲಿಂಕಿನಾಗೇ ಅಕೌಂಟ್ ತೆಗೀರಿ ಅಂತಾನ, ಚಪ್ಪಲಿ ಹಾಕ್ಕೊಂಡು ಹೊರಗ ಬರ್ರಿ.’

ಇದನ್ನೆಲ್ಲ ಹೇಳೋಣ ಅಂತಲೇ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಪಿಎ ಕುರ್ಚಿಯಿಂದ ಏಳದೆ ಅಂದರು, ‘ಸಾಹೇಬ್ರು ದಿನಕ್ಕ ಹತ್ತು ರಿಬ್ಬನ್ ಕಟ್ ಮಾಡ್ತಾರ್ರೀ. ಎಲ್ಲಾದರ ಜಾತಕ ನೋಡ್ಕೋತ ಕೂಡ್ಲಾಕ ಆಗ್ತದೇನು?’ ಆಮೇಲೆ ಚಹಾ ಕೊಟ್ಟರು. ಚಹಾ ಚೆನ್ನಾಗಿತ್ತು, ಅದಕ್ಕೆ ಕೃತಜ್ಞ.

ಜಾತಕ ನೋಡಲು ಹತ್ತು ನಿಮಿಷ ಸಾಕು ಸಾಹೇಬ್ರೇ. ಸೆಬಿ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಹೆಸರು ಬರುತ್ತದೆ. ಸೆಬಿಯೇ ಹುಟ್ಟುಹಾಕಿದ ಎನ್‌ಐಎಸ್‌ಎಂ ಸಂಸ್ಥೆ ಕಮಾಡಿಟಿ ಡೆರಿವೇಟಿವ್ಸ್‌ಗೇ ಒಂದು ಪರೀಕ್ಷೆ ನಡೆಸುತ್ತದೆ. ಕಲಿಸುವವನು ಅದನ್ನಾದರೂ ಪಾಸಾಗಿದ್ದಾನಾ ಅಂತ ನಿಮ್ಮ ಪಿಎ ಕೇಳಬಹುದಿತ್ತು. ನಾನೂ ಕೇಳಬಹುದಿತ್ತು, ಕೇಳಲಿಲ್ಲ. ನನ್ನ ತಪ್ಪಿಗೆ 2,75,000 ದಂಡ ಕಟ್ಟಿದ್ದೇನೆ. ನಿಮ್ಮ ತಪ್ಪಿಗೆ ಒಂದು ಏಣಿ, ಒಂದು ಬ್ಲೇಡು ಸಾಕು.

ಆಮೇಲೆ ಇನ್ನೊಂದು. ಸೆಬಿಯವರು, ಎಕ್ಸ್‌ಚೇಂಜಿನವರು ಊರೂರಿಗೆ ಬಂದು ಹೂಡಿಕೆದಾರರಿಗೆ ಪುಕ್ಕಟೆ ತಿಳಿವಳಿಕೆ ಕ್ಲಾಸು ಮಾಡುವುದಿದೆ. ನೀವೊಂದು ಪತ್ರ ಬರೆದು ನಮ್ಮ ಎಪಿಎಂಸಿ ಯಾರ್ಡಿನಲ್ಲಿ ರಾಶಿಗೆ ಮುಂಚೆ, ಕನ್ನಡದಲ್ಲಿ, ಎರಡು ದಿನ ಮಾಡಿಸಿ. ಅದಕ್ಕೂ ರಿಬ್ಬನ್ ಬೇಕಾದರೆ ಕತ್ತರಿಸಿ, ನಾನೇ ತಂದುಕೊಡುತ್ತೇನೆ.

ಆದರೆ ಮೊದಲು ಆ ಫೋಟೋ. ಹೊಸ ಬ್ಯಾಚ್ ಮುಂದಿನ ತಿಂಗಳು ಒಂದನೇ ತಾರೀಖಿಗೆ ಶುರು ಅಂತ ನಿಮ್ಮ ಗಲ್ಲದ ಕೆಳಗೇ ಚೀಟಿ ಅಂಟಿಸಿದ್ದಾರೆ. ನಮ್ಮ ಓಣಿಯ ಇಬ್ಬರು ಹುಡುಗರು ಫೀಸಿಗೆ ರೊಕ್ಕ ಹೊಂದಿಸುತ್ತಿದ್ದಾರೆ. ನಾನು ಎಷ್ಟು ಹೇಳಿದರೂ, ‘ಕಾಕಾ, ಶಾಸಕರ ಫೋಟೋನೇ ಅದಲ್ಲ’ ಅನ್ನುತ್ತಾರೆ. ಒಂದನೇ ತಾರೀಖಿನೊಳಗೆ ತೆಗೆಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತೊಗರಿ ರೈತ