ಟ್ರ್ಯಾಕ್ ಮೊದಲು ಬಂದಿತ್ತು, ನಿಜ. ಆದರೆ ಯಾವ ಟ್ರ್ಯಾಕ್?

ಮಾನ್ಯ ಸಂಪಾದಕರೇ,

‘ರೇಸ್ ಟ್ರ್ಯಾಕ್ ಇರುವುದನ್ನು ಕಣ್ಣಾರೆ ಕಂಡು ಮನೆ ಕೊಂಡವರು ಈಗ ಸದ್ದಿನ ಬಗ್ಗೆ ದೂರುವುದು ಯಾವ ನ್ಯಾಯ?’ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಕೇಳಿದ್ದರು. ಹಾಗೆ ಕಂಡು ಕೊಂಡವರಲ್ಲಿ ನಾನೂ ಒಬ್ಬಳು. ಆದ್ದರಿಂದ ಉತ್ತರ ಕೊಡಬೇಕಾದವಳೂ ನಾನೇ ಎಂದುಕೊಂಡು ಬರೆಯುತ್ತಿದ್ದೇನೆ.

ಹೌದು, ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಮನೆ ನೋಡಲು ಹೋದ ದಿನ ಮಹಡಿಯಿಂದ ಟ್ರ್ಯಾಕಿನ ಕೊನೆಯ ತಿರುವು, ಅದರ ಬದಿಗೆ ಪೇರಿಸಿದ್ದ ಹಳೆಯ ಟೈರುಗಳ ಗೋಡೆ ಎರಡೂ ಕಂಡವು. ಮಾರಿದವರು ಏನನ್ನೂ ಮುಚ್ಚಿಡಲಿಲ್ಲ. ವರ್ಷಕ್ಕೆ ಒಂಬತ್ತೋ ಹತ್ತೋ ಸಲ ಶನಿವಾರ, ಭಾನುವಾರ ರೇಸ್ ನಡೆಯುತ್ತದೆ, ಆ ದಿನಗಳಲ್ಲಿ ಅಂಗಳದಲ್ಲಿ ನಿಂತು ಮಾತನಾಡಲಾಗುವುದಿಲ್ಲ, ಉಳಿದ ದಿನ ಯಾವ ತೊಂದರೆಯೂ ಇಲ್ಲ ಎಂದರು. ನಾನು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕದಲ್ಲಿ ನರ್ಸ್. ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದಿನ ರಾತ್ರಿ ಪಾಳಿ. ಬೆಳಗ್ಗೆ ಎಂಟೂವರೆಗೆ ಮನೆ ಸೇರಿ ಒಂಬತ್ತಕ್ಕೆ ಮಲಗುವವಳು. ಆ ಹತ್ತು ವಾರಾಂತ್ಯಗಳಲ್ಲಿ ಪಾಳಿ ಬದಲಾಯಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿ ಗೃಹಸಾಲದ ಕಾಗದಕ್ಕೆ ಸಹಿ ಮಾಡಿದೆ. ಮೊದಲ ಐದು ವರ್ಷ ಆ ಲೆಕ್ಕ ತಪ್ಪಲಿಲ್ಲ. ವರ್ಷದ ಮುಖ್ಯ ರೇಸಿನ ದಿನ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ನಾನೂ ನನ್ನ ಮಗಳೂ ಬೈಕುಗಳನ್ನು ಎಣಿಸಿದ್ದೂ ಉಂಟು.

ಆರನೆಯ ವರ್ಷದಿಂದ ಟ್ರ್ಯಾಕ್ ಬದಲಾಯಿತು. ಡಾಂಬರು ಅದೇ, ತಿರುವುಗಳೂ ಅವೇ. ಆದರೆ ವಾರದ ದಿನಗಳಲ್ಲೂ ಬಾಡಿಗೆಗೆ ಕೊಡಲು ಶುರುಮಾಡಿದರು. ಶುಲ್ಕ ಕಟ್ಟಿ ಸ್ವಂತ ಕಾರನ್ನೋ ಬೈಕನ್ನೋ ತಂದು ಓಡಿಸುವವರು, ಚಾಲನಾ ತರಬೇತಿಯವರು, ಟೈರ್ ಪರೀಕ್ಷಿಸುವವರು, ಸಂಜೆ ಹೊತ್ತು ಕಾರನ್ನು ಬೇಕೆಂದೇ ಜಾರಿಸಿ ಟೈರ್ ಕಿರುಚಿಸುವ ಡ್ರಿಫ್ಟಿಂಗ್ ತಂಡಗಳು. ಸದ್ದಿನ ದಿನಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗೀಟು ಎಳೆಯುವ ಅಭ್ಯಾಸ ನನಗಿದೆ. ಮೊದಲ ವರ್ಷ 19 ಗೀಟುಗಳಿದ್ದವು. ಕಳೆದ ವರ್ಷ 143. ನಾನು ಒಪ್ಪಿ ಬಂದದ್ದು ಹತ್ತೊಂಬತ್ತಕ್ಕೆ. ಉಳಿದ 124 ದಿನ ಟ್ರ್ಯಾಕೇ ನನ್ನ ಮನೆಯ ಪಕ್ಕಕ್ಕೆ ಹೊಸದಾಗಿ ಬಂದು ಸೇರಿಕೊಂಡಿತು.

‘ಮೊದಲು ಬಂದವರದೇ ಹಕ್ಕು’ ಎಂಬ ವಾದ ಕೇಳಲು ಸರಳ. ನ್ಯಾಯಾಲಯಗಳು ಅದನ್ನು ಅಷ್ಟು ಸರಳವಾಗಿ ಒಪ್ಪಿಲ್ಲ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಮಿಲ್ಡನ್‌ಹಾಲ್ ಬಳಿ ಒಂದು ಕ್ರೀಡಾಂಗಣವಿದೆ. ಅಲ್ಲಿ ಎಪ್ಪತ್ತರ ದಶಕದಿಂದ ಬೈಕ್ ರೇಸ್, ಎಂಬತ್ತರ ದಶಕದಿಂದ ಕಾರ್ ರೇಸ್, ತೊಂಬತ್ತರ ದಶಕದಿಂದ ಹಿಂಬದಿಯ ಜಾಗದಲ್ಲಿ ಮೋಟೋಕ್ರಾಸ್, ಅಂದರೆ ಮಣ್ಣಿನ ಹಾದಿಯ ಬೈಕ್ ರೇಸ್, ನಡೆಯುತ್ತಿತ್ತು. 2006ರಲ್ಲಿ ಇಬ್ಬರು ಸೇರಿ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿದ್ದ ಹಳೆಯ ಮನೆಯೊಂದನ್ನು ಕೊಂಡರು, ಸದ್ದು ತಾಳಲಾರದೆ ಮೊಕದ್ದಮೆ ಹೂಡಿದರು. ಮೊದಲ ನ್ಯಾಯಾಲಯದಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು, 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದರು. ಉಪದ್ರವ ಇರುವಲ್ಲಿಗೆ ನೀವೇ ಬಂದಿರಿ ಎಂಬುದು ಪ್ರತಿವಾದಿಗೆ ರಕ್ಷಣೆಯಲ್ಲ ಎಂದಿತು ನ್ಯಾಯಾಲಯ. ಸ್ಥಳೀಯ ಆಡಳಿತದ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ನೆರೆಯವರಿಗೆ ತೊಂದರೆ ಕೊಡುವ ಅಧಿಕಾರ ಬಂದುಬಿಡುವುದಿಲ್ಲ ಎಂದೂ ಹೇಳಿತು. ಪೂರ್ತಿ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಸದ್ದು ಮೊದಲಿನಿಂದಲೂ ಇದ್ದು, ಆಮೇಲೆ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಡ ಎಬ್ಬಿಸಿದವರ ವಿಷಯ ಬೇರೆಯಾಗಬಹುದು. ನಮ್ಮ ಬಡಾವಣೆಯ ಹಿಂದೆ ಮೂರು ವರ್ಷದಿಂದ ಏಳುತ್ತಿರುವ ಹೊಸ ಮನೆಗಳ ಸಾಲಿಗೆ ಈ ಮಾತು ತಟ್ಟುತ್ತದೆ. ಅದನ್ನು ನಾನು ಮರೆಮಾಚುವುದಿಲ್ಲ.

ಇದಕ್ಕೂ ಮುಂಚೆ, 2009ರಲ್ಲಿ, ಉತ್ತರ ಇಂಗ್ಲೆಂಡಿನ ಕ್ರಾಫ್ಟ್ ಟ್ರ್ಯಾಕಿನ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ವರ್ಷಕ್ಕೆ 40 ದಿನಕ್ಕಿಂತ ಹೆಚ್ಚು ಗದ್ದಲ ಕೂಡದು ಎಂದು ತಡೆಯಾಜ್ಞೆ ಕೊಟ್ಟಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ರಾಕ್ ಟ್ರ್ಯಾಕ್ ಶುರುವಾದದ್ದು 1957ರಲ್ಲಿ. ಎರಡೇ ವರ್ಷದಲ್ಲಿ ನೆರೆಯವರು ಕೋರ್ಟಿಗೆ ಹೋದರು, 1959ರಿಂದ ಅಲ್ಲಿ ಭಾನುವಾರ ರೇಸ್ ಇಲ್ಲ. ಟ್ರ್ಯಾಕ್ ಮುಚ್ಚಿಹೋಗಲಿಲ್ಲ, ಇಂದಿಗೂ ನಡೆಯುತ್ತಿದೆ. ಈ ಎರಡು ಆದೇಶಗಳೂ ಸದ್ದನ್ನು ದಿನಗಳಲ್ಲಿ ಅಳೆದಿವೆ. ನಿದ್ದೆಗಾಗಿ ಕಾಯುವ ನನ್ನಂಥವಳಿಗೆ ಇದಕ್ಕಿಂತ ನ್ಯಾಯವಾದ ಅಳತೆ ಕಾಣುವುದಿಲ್ಲ.

ನಮ್ಮ ಟ್ರ್ಯಾಕಿನವರು ಅಳೆಯುವುದು ಡೆಸಿಬಲ್‌ನಲ್ಲಿ. ಕಳೆದ ಸಭೆಯಲ್ಲಿ ವ್ಯವಸ್ಥಾಪಕರು ಒಂದು ಪಟ್ಟಿ ತೋರಿಸಿ ‘ಒಂದು ದಿನವೂ ಮಿತಿ ಮೀರಿಲ್ಲ’ ಎಂದರು. ಅವರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಪಟ್ಟಿಯಲ್ಲಿದ್ದದ್ದು ಹಗಲಿನ ಹದಿನಾರು ಗಂಟೆಗಳ ಸರಾಸರಿ. ಒಂದು ಗಂಟೆ 75 ಡೆಸಿಬಲ್ ಸದ್ದು ಬಂದು, ಉಳಿದ ಹದಿನೈದು ಗಂಟೆ ಪೂರ್ತಿ ಮೌನವಾಗಿದ್ದರೆ ಸರಾಸರಿ 63ಕ್ಕೆ ಇಳಿಯುತ್ತದೆ. ಕಾಗದದ ಮೇಲೆ 63. ಮಲಗಿದವಳ ಕಿವಿಗೆ ಸದ್ದಿರುವ ಪ್ರತಿ ನಿಮಿಷವೂ 75. ಅದೂ ಒಂದೇ ಸಮನೆ ಬರುವುದಿಲ್ಲ. ಇಪ್ಪತ್ತು ನಿಮಿಷ ಓಟ, ಇಪ್ಪತ್ತು ನಿಮಿಷ ಬಿಡುವು, ಮತ್ತೆ ಇಪ್ಪತ್ತು ನಿಮಿಷ ಓಟ. ಸದ್ದು ನಿಂತಿತಲ್ಲ ಎಂದು ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಗೇರ್ ಇಳಿಸುವ ಸದ್ದು. ಆ ಬಿಡುವಿನಲ್ಲೂ ನಾನು ಮಲಗಿರುವುದಿಲ್ಲ, ಮುಂದಿನ ಸದ್ದಿಗಾಗಿ ಕಿವಿಕೊಟ್ಟು ಕಾಯುತ್ತಿರುತ್ತೇನೆ. ಈ ಕಾಯುವಿಕೆಯನ್ನು ಯಾವ ಶಬ್ದಮಾಪಕವೂ ದಾಖಲಿಸುವುದಿಲ್ಲ.

ಇನ್ನೊಂದು ವಿಷಯ, ಅಳೆಯುವ ಜಾಗ. ವಾಹನ ಟ್ರ್ಯಾಕಿಗೆ ಇಳಿಯುವ ಮುನ್ನ ಅದರ ಹೊಗೆ ಕೊಳವೆಯಿಂದ ಅರ್ಧ ಮೀಟರ್ ದೂರದಲ್ಲಿ ಮೈಕ್ ಹಿಡಿದು ಪರೀಕ್ಷಿಸುತ್ತಾರೆ. ಒಳ್ಳೆಯದೇ, ಸೈಲೆನ್ಸರ್ ಕಿತ್ತು ತಂದವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಆದರೆ ಆ ಪರೀಕ್ಷೆ ಒಂದು ವಾಹನದ್ದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹದಿನೈದು ಮೀಟರಿನಲ್ಲಿ 90 ಇದ್ದದ್ದು, ನನ್ನ ಮನೆ ಇರುವ 480 ಮೀಟರ್ ದೂರಕ್ಕೆ ಬರುವಾಗ 60ಕ್ಕೆ ಇಳಿಯಬೇಕು. ಒಂದೇ ಬೈಕ್ ಆಗಿದ್ದರೆ ನಾನು ಕಿಟಕಿ ಮುಚ್ಚಿ ಮಲಗಿಬಿಡುತ್ತಿದ್ದೆ. ಅಂಥ ಹತ್ತು ಬೈಕುಗಳು ಒಟ್ಟಿಗೆ ಓಡಿದರೆ ಅದಕ್ಕೆ 10 ಡೆಸಿಬಲ್ ಸೇರುತ್ತದೆ, ಅಂದರೆ ಕಿವಿಗೆ ಸುಮಾರು ಎರಡರಷ್ಟು ಜೋರು. ಹವೆಯೂ ಆಟವಾಡುತ್ತದೆ. ಗಾಳಿಯಿಲ್ಲದ ತಿಳಿ ಸಂಜೆ ನೆಲ ಬೇಗ ತಣ್ಣಗಾಗಿ, ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಮಧ್ಯಾಹ್ನ ಕೇಳಿಸದ ಧ್ವನಿವರ್ಧಕದ ಮಾತು ಸಂಜೆ ಏಳಕ್ಕೆ ಪದಪದವಾಗಿ ಕೇಳಿಸುವುದು ಇದರಿಂದಲೇ. ಹಾಗಿರುವಾಗ ಡ್ರಿಫ್ಟಿಂಗ್‌ಗೆ ಸಂಜೆಯನ್ನೇ ಆರಿಸಿದ್ದು ಏಕೆ? ಸಭೆಯಲ್ಲಿ ಇದನ್ನು ಕೇಳಿದೆ. ಯಾರೂ ಉತ್ತರಿಸಲಿಲ್ಲ.

ಬೇಲಿಯುದ್ದಕ್ಕೂ ಗಿಡ ನೆಡುತ್ತೇವೆ ಎಂದು ಭರವಸೆ ಕೊಟ್ಟಿದ್ದಾರೆ. ಗಿಡ ನೆಡಲಿ, ಸಂತೋಷ. ಒಂದು ಸಾಲು ಮರದಿಂದ ಟ್ರ್ಯಾಕ್ ಕಣ್ಣಿಗೆ ಮರೆಯಾಗಬಹುದು, ಸದ್ದು ಮರೆಯಾಗುವುದಿಲ್ಲ. ವಾಹನಕ್ಕೂ ನನ್ನ ಕಿಟಕಿಗೂ ನಡುವೆ ದೃಷ್ಟಿ ಹಾಯದಷ್ಟು ಎತ್ತರದ ಮಣ್ಣಿನ ದಿಬ್ಬವೋ ಗಟ್ಟಿ ಗೋಡೆಯೋ ಬೇಕು. ಆಗಲೂ ಇಂಜಿನ್ನಿನ ಗುಡುಗಿನಂಥ ತಗ್ಗು ಸ್ವರ ಅದನ್ನು ಬಳಸಿ ಬರುತ್ತದೆ, ಕಡಿಮೆಯಾಗುವುದು ಬೈಕುಗಳ ಚೀರಾಟ. ನನಗೆ ಅಷ್ಟಾದರೂ ಸಾಕು.

ಬಡಾವಣೆಯ ಕೆಲವರು ಟ್ರ್ಯಾಕನ್ನೇ ಮುಚ್ಚಿಸಬೇಕೆಂದು ಸಹಿ ಸಂಗ್ರಹಿಸುತ್ತಿದ್ದಾರೆ. ನಾನು ಸಹಿ ಹಾಕಲಿಲ್ಲ, ಅದರಿಂದ ಕೆಲವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಕಾರಣವನ್ನು ಇಲ್ಲಿ ಹೇಳುತ್ತೇನೆ. ರಸ್ತೆಯಲ್ಲಿ ಪಂದ್ಯ ಕಟ್ಟಿ ಬೈಕ್ ಓಡಿಸಿದ ಹುಡುಗರು ಬಂದು ಸೇರುವುದು ನನ್ನ ಘಟಕಕ್ಕೆ. ಹೆಲ್ಮೆಟ್ ಬಿಚ್ಚುವಾಗ ಕುತ್ತಿಗೆ ಅಲುಗದಂತೆ ತಲೆ ಹಿಡಿದುಕೊಳ್ಳುವ ಕೈಗಳು ನನ್ನವು. ಹೊರಗೆ ಕಾಯುತ್ತಿರುವ ತಾಯಿಗೆ ‘ಡಾಕ್ಟರು ಬಂದು ಮಾತನಾಡುತ್ತಾರೆ’ ಎಂದು ಹೇಳಿ ಕೂರಿಸುವವಳು ನಾನು. ವೇಗದ ಹುಚ್ಚು ಒಂದು ಗೇಟಿಗೆ ಬೀಗ ಹಾಕಿದರೆ ಇಳಿಯುವಂಥದ್ದಲ್ಲ. ಎದುರಿನಿಂದ ಲಾರಿ ಬಾರದ, ಟೈರುಗಳ ಗೋಡೆ ಇರುವ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುವ ಒಂದು ಜಾಗ ಆ ಹುಡುಗರಿಗೆ ಬೇಕು. ಆ ಜಾಗ ನನ್ನ ಮನೆಯ ಹಿಂದೆ ಇದೆ. ಅದು ಇರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ನನಗೆ ನಿದ್ದೆಯೂ ಬೇಕು, ಏಕೆಂದರೆ ನಿದ್ದೆಗೆಟ್ಟ ಕೈ ಔಷಧದ ಪ್ರಮಾಣ ತಪ್ಪಿದರೆ ಅದರ ಬೆಲೆ ತೆರುವವರು ಬೇರೆ ಯಾರೋ.

ಈ ಜಗಳದಲ್ಲಿ ಮೂರನೆಯವರೊಬ್ಬರು ಕಾಣಿಸಿಕೊಳ್ಳುವುದೇ ಇಲ್ಲ. ಟ್ರ್ಯಾಕಿಗೂ ಪರವಾನಗಿ ಕೊಟ್ಟು, ಅದರ ಬೇಲಿಗೆ ತಾಗಿದಂತೆ ಮನೆ ಕಟ್ಟಲೂ ಪರವಾನಗಿ ಕೊಟ್ಟವರು. ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ 2018ರಿಂದ ಒಂದು ತತ್ವ ಸೇರಿದೆ: ಇದ್ದ ಸ್ಥಿತಿಯನ್ನು ಬದಲಾಯಿಸಲು ಬಂದವರೇ ಅದರಿಂದಾಗುವ ತೊಂದರೆಯನ್ನು ತಗ್ಗಿಸುವ ಹೊಣೆ ಹೊರಬೇಕು. ಹಳೆಯ ಟ್ರ್ಯಾಕಿನ ಪಕ್ಕ ಹೊಸ ಮನೆ ಕಟ್ಟಿ ಮಾರುವವರು ಎರಡು ಪದರದ ಗಾಜಿನ ಕಿಟಕಿ ಹಾಕಿಸಲಿ, ಕೊಳ್ಳುವವರಿಗೆ ಸದ್ದಿನ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಲಿ. ಹೊಸದಾಗಿ ಕಟ್ಟುವವರ ಮೇಲೆ ಹೊಣೆ ಹೊರಿಸುವುದೇ ಆ ನೀತಿಯ ಮುಖ್ಯ ಉದ್ದೇಶ. ಅದೇ ತಕ್ಕಡಿಯಲ್ಲಿ ಟ್ರ್ಯಾಕನ್ನೂ ತೂಗಬೇಕೆಂಬುದು ನನ್ನ ವಾದ. ಹತ್ತೊಂಬತ್ತು ದಿನವನ್ನು 143 ಮಾಡಿದವರು ಬದಲಾವಣೆ ತಂದವರೇ. ದಿಬ್ಬ ಕಟ್ಟುವ ಖರ್ಚು ಅವರದು. ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿಗೆ ಒಪ್ಪಬೇಕಾದವರೂ ಅವರೇ. ಆ ಮಿತಿ 40 ಇರಲಿ, 60 ಇರಲಿ, ಕೂತು ಮಾತನಾಡೋಣ. ಹತ್ತೊಂಬತ್ತಕ್ಕೇ ಹಿಂದಿರುಗಿ ಎಂದು ನಾನು ಹಟ ಹಿಡಿಯುವುದಿಲ್ಲ, ಅಲ್ಲಿ ದುಡಿಯುವವರ ಸಂಬಳ ವಾರದ ದಿನಗಳ ಬಾಡಿಗೆಯಿಂದ ಬರುತ್ತಿದೆ ಎಂಬುದು ನನಗೆ ತಿಳಿದಿದೆ.

ಮೈಕ್ ಒಂದನ್ನು ನಮ್ಮ ಬಡಾವಣೆಯ ಗಡಿಯಲ್ಲೂ ನಿಲ್ಲಿಸಲಿ, ಅದರ ಅಂಕಿಗಳನ್ನು ಸರಾಸರಿ ಮಾಡದೆ ಗಂಟೆಗಂಟೆಗೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಡ್ರಿಫ್ಟಿಂಗ್ ಮಧ್ಯಾಹ್ನಕ್ಕೆ ಹೋಗಲಿ. ಇವೆಲ್ಲ ಕೈಗೂಡಲು ಸಮಯ ಬೇಕು ಎನ್ನುವುದಾದರೆ, ಒಂದು ಕೆಲಸವನ್ನು ನಾಳೆಯೇ ಮಾಡಬಹುದು, ಅದಕ್ಕೆ ಯಾವ ಖರ್ಚೂ ಇಲ್ಲ. ನಮ್ಮ ಆಸ್ಪತ್ರೆಯಲ್ಲಿ ಮುಂದಿನ ತಿಂಗಳ ಪಾಳಿಪಟ್ಟಿಯನ್ನು ಪ್ರತಿ ತಿಂಗಳ 25ರಂದು ಬರೆಯುತ್ತಾರೆ. ಟ್ರ್ಯಾಕಿನ ದಿನಪಟ್ಟಿ 24ರೊಳಗೆ ಗೇಟಿನ ಹಲಗೆಯ ಮೇಲೆ ಅಂಟಿಸಿದ್ದರೆ ಸಾಕು, ಡ್ಯೂಟಿ ಮುಗಿಸಿ ಬರುವಾಗ ನಾನೇ ಇಳಿದು ಬರೆದುಕೊಂಡು ಹೋಗುತ್ತೇನೆ.

ಇಂತಿ,
ಕೊನೆಯ ತಿರುವಿನ ಎದುರು ಮನೆಯ ನರ್ಸ್